ಆರೋಗ್ಯ ಪ್ರಶ್ನೋತ್ತರ: ಮುಪ್ಪಿನಲ್ಲಿ ಊಟ, ಸೋಂಕು, ಆರೈಕೆ

ಪ್ರಶ್ನೆ: ಅಮ್ಮನಿಗೆ 78 ವರ್ಷ. ಐದು ತಿಂಗಳಲ್ಲಿ ತೂಕ 54 ಕಿಲೋದಿಂದ 50ಕ್ಕೆ ಇಳಿದಿದೆ. ಮೇಲಿಂದ ಮೇಲೆ ಶೀತ, ಕೆಮ್ಮು. ರೋಗನಿರೋಧಕ ಶಕ್ತಿಗೆಂದು ಮಲ್ಟಿವಿಟಮಿನ್ ಮಾತ್ರೆ ಕೊಟ್ಟರೆ ಸಾಕೇ?

ಉತ್ತರ: ಸಾಲದು. ಮೊದಲು ಆ ನಾಲ್ಕು ಕಿಲೋ ಏಕೆ ಕರಗಿತೆಂದು ಹುಡುಕಿ. ಪ್ರಯತ್ನಪಡದೆಯೇ ಆರು ತಿಂಗಳೊಳಗೆ ತೂಕದ ಶೇ. 5ಕ್ಕಿಂತ ಹೆಚ್ಚು ಇಳಿದರೆ ಅದು ಅಪೌಷ್ಟಿಕತೆಯ ಸೂಚನೆ. ನಿಮ್ಮ ತಾಯಿಗೆ ಶೇ. 7 ದಾಟಿದೆ. ‘ವಯಸ್ಸಾಯಿತು, ಸೊರಗುವುದು ಸಹಜ’ ಎಂದು ಸುಮ್ಮನಾಗಬೇಡಿ. ಸಡಿಲವಾದ ಹಲ್ಲುಸೆಟ್ಟು, ನುಂಗಲು ಕಷ್ಟ, ಹಸಿವು ಕುಗ್ಗಿಸುವ ಔಷಧ, ಖಿನ್ನತೆ, ಥೈರಾಯ್ಡ್, ಕ್ಷಯ, ಕ್ಯಾನ್ಸರ್ ಎಲ್ಲವನ್ನೂ ವೈದ್ಯರು ಪರಿಶೀಲಿಸಬೇಕು. ಕೆಮ್ಮು ಎರಡು ವಾರ ದಾಟಿದ್ದರೆ ಕಫ ಪರೀಕ್ಷೆಯನ್ನು ಮುಂದೂಡಲೇಬೇಡಿ.

ಇನ್ನು ಊಟದ ಮಾತು. ಸೋಂಕು ತಗುಲಿದಾಗ ದೇಹ ತನ್ನ ಸ್ನಾಯುವನ್ನೇ ಕರಗಿಸಿ, ಅದರ ಅಮೈನೋ ಆಮ್ಲಗಳನ್ನು (ಪ್ರೋಟೀನ್ ಕಟ್ಟುವ ಘಟಕಗಳು) ರಕ್ಷಣಾ ಕೆಲಸಕ್ಕೆ ಬಳಸುತ್ತದೆ. ವಯಸ್ಸಾದವರಲ್ಲಿ ಹೀಗೆ ಕಳೆದುಕೊಂಡ ಸ್ನಾಯು ಮರಳಿ ಕಟ್ಟಿಕೊಳ್ಳುವುದು ನಿಧಾನ. ಆದ್ದರಿಂದಲೇ ಅವರಿಗೆ ಪ್ರೋಟೀನ್ ಹೆಚ್ಚು ಬೇಕು: ಆರೋಗ್ಯವಾಗಿದ್ದಾಗ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 1ರಿಂದ 1.2 ಗ್ರಾಂ, ಕಾಯಿಲೆಯಲ್ಲಿ 1.2ರಿಂದ 1.5 ಗ್ರಾಂ. ನಿಮ್ಮ ತಾಯಿಗೆ ಸುಮಾರು 60 ಗ್ರಾಂ ಆಯಿತು. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ (200 ಮಿ.ಲೀ.) ಹಾಲಿನಲ್ಲಿ 6ರಿಂದ 7, ಬೇಯಿಸುವ ಮುನ್ನ 30 ಗ್ರಾಂ ತೂಗುವ ಬೇಳೆಯಲ್ಲಿ ಸುಮಾರು 7 ಗ್ರಾಂ ಇರುತ್ತದೆ. ಎಲ್ಲವನ್ನೂ ರಾತ್ರಿಯ ಊಟಕ್ಕೇ ತುಂಬದೆ ಮೂರು ಹೊತ್ತಿಗೂ ಹಂಚಿ. ಜೀರ್ಣವಾಗಲೆಂದು ನೀರಾಗಿ ಮಾಡಿದ ಆಹಾರ ಹೊಟ್ಟೆ ತುಂಬಿಸುತ್ತದೆಯೇ ಹೊರತು ಮೈಗೆ ಹತ್ತುವುದಿಲ್ಲ. ಬಹಳಷ್ಟು ಮನೆಗಳಲ್ಲಿ ಎಡವುವುದು ಇಲ್ಲೇ. ಅದೇ ಲೋಟ ಹಾಲಿಗೆ 15 ಗ್ರಾಂ ಕೆನೆರಹಿತ ಹಾಲಿನ ಪುಡಿ ಬೆರೆಸಿದರೆ ಇನ್ನೂ 5 ಗ್ರಾಂ ಪ್ರೋಟೀನ್ ಸಿಗುತ್ತದೆ, ಪ್ರಮಾಣ ಹೆಚ್ಚುವುದಿಲ್ಲ. ಮೂತ್ರಪಿಂಡದ ಕಾಯಿಲೆ ಇದ್ದರೆ ಮಾತ್ರ ಈ ಲೆಕ್ಕವನ್ನು ವೈದ್ಯರನ್ನು ಕೇಳಿಯೇ ಪಾಲಿಸಿ.

ಮಾತ್ರೆಯ ವಿಷಯಕ್ಕೆ ಬಂದರೆ, ವಿಟಮಿನ್ ಮತ್ತು ಖನಿಜಗಳಿಂದ ವೃದ್ಧರ ಸೋಂಕು ತಗ್ಗುತ್ತದೆಂದು 1992ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ್ದ ಪ್ರಸಿದ್ಧ ಪ್ರಬಂಧವನ್ನು ಆ ಪತ್ರಿಕೆಯೇ 2016ರಲ್ಲಿ ಹಿಂತೆಗೆದುಕೊಂಡಿತು. 65 ದಾಟಿದ 910 ಜನರ ಮೇಲೆ ಸ್ಕಾಟ್ಲೆಂಡ್‌ನಲ್ಲಿ ನಡೆದು 2005ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮಲ್ಟಿವಿಟಮಿನ್‌ನಿಂದ ಸೋಂಕಿನ ವಿಷಯದಲ್ಲಿ ಲಾಭ ಕಾಣಲಿಲ್ಲ. ಬಾಸ್ಟನ್ ಪ್ರದೇಶದ ವೃದ್ಧಾಶ್ರಮಗಳ 617 ಮಂದಿಗೆ ವಿಟಮಿನ್ ಇ ಕೊಟ್ಟು ನೋಡಿದಾಗ (2004) ಶೀತ ಕೊಂಚ ತಗ್ಗಿತಾದರೂ ಶ್ವಾಸಕೋಶದ ಸೋಂಕು ತಗ್ಗಲಿಲ್ಲ. ಬಿ12 ಅಥವಾ ಡಿ ಕೊರತೆ ರಕ್ತಪರೀಕ್ಷೆಯಲ್ಲಿ ಕಂಡರೆ ಅದನ್ನು ಖಂಡಿತ ಸರಿಪಡಿಸಬೇಕು, ಅದು ಬೇರೆ ಮಾತು. ಇನ್‌ಫ್ಲುಯೆಂಜಾ (ಫ್ಲೂ) ಮತ್ತು ನ್ಯುಮೊಕಾಕಲ್ (ನ್ಯುಮೋನಿಯಾ ತರುವ ಒಂದು ಬ್ಯಾಕ್ಟೀರಿಯಾ ವಿರುದ್ಧದ) ಲಸಿಕೆ ಹಾಕಿಸಿದ್ದೀರಾ? ಇಲ್ಲವಾದರೆ ಮಾತ್ರೆಗಿಂತ ಮೊದಲು ಅದನ್ನು ವೈದ್ಯರ ಬಳಿ ಕೇಳಿ.

ಪ್ರಶ್ನೆ: ಮನೆಯ ಹಿರಿಯರಿಗೆ ಜ್ವರವೇ ಇರಲಿಲ್ಲ, ಎರಡು ದಿನ ಮಂಕಾಗಿದ್ದರು ಅಷ್ಟೇ. ಆಸ್ಪತ್ರೆಯಲ್ಲಿ ನ್ಯುಮೋನಿಯಾ ಎಂದರು. ಮನೆಯವರಿಗೆ ತಿಳಿಯುವುದು ಹೇಗೆ?

ಉತ್ತರ: ಮುಪ್ಪಿನಲ್ಲಿ ಮೈ ಬಿಸಿಯೇರುವ ಶಕ್ತಿಯೇ ಕುಗ್ಗಿರುತ್ತದೆ. ಅವರ ಸಹಜ ತಾಪಮಾನವೂ ಕಡಿಮೆಯಿರುವುದುಂಟು. ಅದಕ್ಕೇ ಅವರು ಚೆನ್ನಾಗಿರುವಾಗಲೇ ಒಂದು ವಾರ ಬೆಳಿಗ್ಗೆ, ಸಂಜೆ ಒಂದೇ ಥರ್ಮಾಮೀಟರಿನಿಂದ ಬಾಯಿಯಲ್ಲಿ ಅಳೆದು ಬರೆದಿಡಿ. ಬಿಸಿ ಅಥವಾ ತಣ್ಣನೆಯದು ಕುಡಿದ ಮೇಲೆ 20 ನಿಮಿಷ ಬಿಟ್ಟೇ ಅಳೆಯಿರಿ. ಮುಂದೆ ಒಮ್ಮೆ 100 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೂ, ಮತ್ತೆ ಮತ್ತೆ 99 ದಾಟುತ್ತಿದ್ದರೂ, ಬರೆದಿಟ್ಟಿದ್ದಕ್ಕಿಂತ 2 ಡಿಗ್ರಿ ಏರಿದರೂ ಅದನ್ನು ಜ್ವರವೆಂದೇ ಎಣಿಸಿ. ಮಂಡಿನೋವಿಗೆಂದು ಪ್ಯಾರಾಸಿಟಮಾಲ್ ನುಂಗುವವರಲ್ಲಿ ಈ ಏರಿಕೆಯೂ ಮರೆಯಾಗಬಹುದು.

ಥರ್ಮಾಮೀಟರಿಗಿಂತ ಉಸಿರು ಹೆಚ್ಚು ಹೇಳುತ್ತದೆ. ಅವರು ಸುಮ್ಮನೆ ಮಲಗಿರುವಾಗ, ಎಣಿಸುತ್ತಿದ್ದೀರೆಂದು ತಿಳಿಸದೆ, ಪೂರ್ತಿ ಒಂದು ನಿಮಿಷ ಎದೆಯ ಏರಿಳಿತ ಎಣಿಸಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ. 25 ಅಥವಾ ಹೆಚ್ಚಾದರೆ ಅಂದೇ ಆಸ್ಪತ್ರೆಗೆ ಹೊರಡಿ. ನಿನ್ನೆ ಗುರುತು ಹಿಡಿದವರನ್ನು ಇಂದು ಹಿಡಿಯದಿರುವುದು, ಊಟ ದೂರ ತಳ್ಳುವುದು, ಇದ್ದಕ್ಕಿದ್ದಂತೆ ಬೀಳುವುದು ಇವೂ ಸೋಂಕಿನ ಮೊದಲ ಸುಳಿವಾಗಿರಬಹುದು. ಹಠಾತ್ತನೆ ಬಂದ ಮರೆವನ್ನು ‘ಅರುಳು ಮರುಳು’ ಎಂದು ತಳ್ಳಿಹಾಕಿ ಅಮೂಲ್ಯ ದಿನಗಳನ್ನು ಕಳೆದುಕೊಳ್ಳುವುದು ನಿಜಕ್ಕೂ ಸಂಕಟದ ಸಂಗತಿ.

ಪ್ರಶ್ನೆ: ಮೂತ್ರದಲ್ಲಿ ಬ್ಯಾಕ್ಟೀರಿಯಾ ಇದೆ ಎಂದು ವರದಿ ಬಂದಿದೆ. ತೊಂದರೆ ಏನೂ ಇಲ್ಲ. ಆ್ಯಂಟಿಬಯೋಟಿಕ್ ಬೇಕೇ?

ಉತ್ತರ: ಉರಿ, ಜ್ವರ, ಪಕ್ಕೆನೋವು ಯಾವುದೂ ಇಲ್ಲದಿದ್ದರೆ ಸಾಮಾನ್ಯವಾಗಿ ಬೇಡ. ವಯಸ್ಸಾದವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಇದು ಬಹಳ ಸಾಮಾನ್ಯ. ದೀರ್ಘಕಾಲ ಕ್ಯಾತಿಟರ್ (ಮೂತ್ರ ಹೊರಹೋಗಲು ಹಾಕುವ ಕೊಳವೆ) ಇದ್ದರಂತೂ ಹೆಚ್ಚು ಕಡಿಮೆ ಎಲ್ಲರಲ್ಲೂ ಇರುತ್ತದೆ. ಸುಮ್ಮನೆ ಔಷಧ ಕೊಟ್ಟರೆ ಭೇದಿ ಮತ್ತು ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಉಳಿಯುತ್ತವೆ. ಮೂತ್ರನಾಳದ ಕೆಲವು ಶಸ್ತ್ರಚಿಕಿತ್ಸೆಗಳ ಮುನ್ನ ಮಾತ್ರ ಚಿಕಿತ್ಸೆ ಅಗತ್ಯ.

ಪ್ರಶ್ನೆ: ತಂದೆ ಹಾಸಿಗೆ ಹಿಡಿದಿದ್ದಾರೆ. ದಿನಾ ಬಾಯಿ ತೊಳೆಸಲೇಬೇಕೇ?

ಉತ್ತರ: ಊಟವಾದ ಪ್ರತಿಸಲವೂ ತೊಳೆಸಬೇಕು. ಬಾಯಲ್ಲಿ ಬೆಳೆದ ಸೂಕ್ಷ್ಮಜೀವಿಗಳು ಎಂಜಲಿನೊಡನೆ ನಿದ್ದೆಯಲ್ಲಿ ಶ್ವಾಸಕೋಶಕ್ಕೆ ಜಾರುತ್ತವೆ. ಜಪಾನಿನ 11 ವೃದ್ಧಾಶ್ರಮಗಳಲ್ಲಿ ಎರಡು ವರ್ಷ ನಡೆದ ಅಧ್ಯಯನದಲ್ಲಿ (2002ರಲ್ಲಿ ಪ್ರಕಟ) ಪ್ರತಿ ಊಟದ ನಂತರ ಬಾಯಿ ಶುಚಿ ಮಾಡಿಸಿಕೊಂಡವರಲ್ಲಿ ಶೇ. 11ರಷ್ಟು, ಉಳಿದವರಲ್ಲಿ ಶೇ. 19ರಷ್ಟು ಮಂದಿಗೆ ನ್ಯುಮೋನಿಯಾ ಬಂತು. ಬೇಕಾದದ್ದು ಬ್ರಷ್ ಮತ್ತು ತಾಳ್ಮೆ.

ತಲೆಯ ಕಡೆ ಎತ್ತರಿಸಿ, ಮುಖವನ್ನು ಪಕ್ಕಕ್ಕೆ ವಾಲಿಸಿ. ಮೃದು ಬ್ರಷ್ಷನ್ನು ಒದ್ದೆ ಮಾಡಿ ಕೊಡವಿ, ಹಲ್ಲು, ವಸಡು, ಕೆನ್ನೆಯ ಒಳಭಾಗ, ನಾಲಗೆ ಉಜ್ಜಿ, ಹಿಂದಿನಿಂದ ಮುಂದಕ್ಕೆ ಎಳೆಯುತ್ತಾ. ಸಡಿಲಗೊಂಡ ಕೊಳೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಬಾಯಿಗೆ ನೀರು ಸುರಿಯಬೇಡಿ. ಮುಕ್ಕಳಿಸಲಾಗದವರಲ್ಲಿ ಆ ನೀರೇ ಶ್ವಾಸನಾಳಕ್ಕಿಳಿಯುತ್ತದೆ. ಹಲ್ಲಿಲ್ಲದಿದ್ದರೂ ವಸಡು, ನಾಲಗೆ ಒರೆಸಲೇಬೇಕು. ಹಲ್ಲುಸೆಟ್ಟನ್ನು ರಾತ್ರಿ ತೆಗೆದು, ತೊಳೆದು ತಣ್ಣೀರಿನಲ್ಲಿಡಿ. ಕುದಿಯುವ ನೀರು ಹಾಕಿದರೆ ಅದರ ಆಕಾರ ಕೆಟ್ಟು ವಸಡು ಹುಣ್ಣಾಗುತ್ತದೆ. ಊಟವಾದ ಮೇಲೆ ಕನಿಷ್ಠ ಅರ್ಧ ಗಂಟೆ ಅವರನ್ನು ಒರಗಿಸಿ ಕೂರಿಸಿ, ಆಮೇಲೆ ಮಲಗಿಸಿ.