‘ತಮಾಷೆಗೆ ಅಂದೆ ಮೇಡಂ’

ಕುಡಿತದ ಜಗಳ, ಸಾಲದ ಜಗಳ, ಅತ್ತೆ-ಸೊಸೆ ಜಗಳ ಅಂತ ಸಂಸಾರದ ಜಗಳಗಳಿಗೆ ಹೆಸರಿದೆ. ಹೆಸರಿಲ್ಲದ ಜಗಳವೂ ಒಂದಿದೆ. ದಂಪತಿಗಳಿಗೆ ಸಲಹೆ ಕೊಡುವ ನನ್ನೆದುರು ಕೂತು ಗಂಡ ‘ತಮಾಷೆಗೆ ಅಂದೆ ಮೇಡಂ’ ಅನ್ನುತ್ತಾನೆ, ಹೆಂಡತಿ ಏನೂ ಅನ್ನುವುದಿಲ್ಲ. ಕೆಲವು ಮನೆಗಳಲ್ಲಿ ಇದು ತಿರುಗಾಮುರುಗಾ. ಜೊತೆಗೆ ಬಂದ ಹಿರಿಯರು ಹೊರಗಿನ ಬೆಂಚಿನ ಮೇಲೆ ಕೂತು ‘ಇಷ್ಟಕ್ಕೆಲ್ಲಾ ಇಲ್ಲೀತನಕ ಬರಬೇಕಾಗಿತ್ತಾ’ ಎಂದು ಗೊಣಗುತ್ತಿರುತ್ತಾರೆ. ಇಂಥ ಪ್ರಕರಣ ಪದೇ ಪದೇ ಬರುವುದರಿಂದ ಒಂದನ್ನು ಬರೆದಿಡುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಬರೆದದ್ದನ್ನು ಇಬ್ಬರಿಗೂ ಓದಲು ಕೊಟ್ಟು, ಇಬ್ಬರೂ ಸರಿ ಅಂದಿದ್ದಾರೆ. ಆ ಒಪ್ಪಿಗೆ ಯಾಕೆ ಬೇಕಿತ್ತು ಅನ್ನುವುದು ಮುಂದೆ ಗೊತ್ತಾಗುತ್ತದೆ.

ಆತ ಚಿಕ್ಕಬಳ್ಳಾಪುರದ ಹತ್ತಿರದವನು, ಮನೆಯಲ್ಲಿ ಕನ್ನಡ. ಆಕೆ ಬಾಗೇಪಲ್ಲಿ ಕಡೆಯವಳು, ತವರಿನಲ್ಲಿ ತೆಲುಗು. ಮದುವೆಯಾಗಿ 9 ವರ್ಷ, ಶಾಲೆಗೆ ಹೋಗುವ ಒಂದು ಮಗು. ಕುಡಿತವಿಲ್ಲ, ಕೈ ಮಾಡಿದ್ದಿಲ್ಲ, ಸಂಬಳದ ಲೆಕ್ಕದಲ್ಲಿ ಮುಚ್ಚುಮರೆ ಇಲ್ಲ. ಹಿನ್ನೆಲೆ ಇಷ್ಟು ಸಾಕು.

ಮದುವೆ ದಿನ ಮನೆ ತುಂಬಿಸಿಕೊಳ್ಳುವಾಗ ಹೊಸಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟು, ನಾದಿನಿಯರು ಬಾಗಿಲಿಗೆ ಅಡ್ಡ ನಿಂತು, ಗಂಡನ ಹೆಸರು ಹೇಳಿದರೇ ಒಳಗೆ ಅಂತ ಹಟ ಹಿಡಿದರು. ಬರೀ ಹೆಸರು ಸಾಲದು, ಪ್ರಾಸ ಬೇಕು. ಆಕೆ ವಾರದಿಂದ ಬಾಯಿಪಾಠ ಮಾಡಿದ್ದಳು: ‘ನಂದಿ ಬೆಟ್ಟಕ್ಕೆ ಮಂಜಿನ ಮುಸುಕು, ಇಂಥವರ ಜೊತೆ ನನ್ನ ಬದುಕು.’ ಮುಸುಕಿನತನಕ ಸರಿಯಾಗಿಯೇ ಬಂತು. ಗಂಡನ ಹೆಸರು ಬರಬೇಕಾದ ಕಡೆ ಫೋಟೋದವರ ಜೊತೆ ಲೈಟ್ ಹಿಡಿಯುತ್ತಿದ್ದ ಹುಡುಗನ ಹೆಸರು ಬಂದುಬಿಟ್ಟಿತು. ಚಪ್ಪರವೆಲ್ಲ ಗೊಳ್ಳೆಂದಿತು.

ಅಲ್ಲಿಂದ ಶುರುವಾದದ್ದು ನಾಮಕರಣ, ಗೃಹಪ್ರವೇಶ, ಬೀಗರ ಊಟ ಯಾವುದನ್ನೂ ಬಿಡಲಿಲ್ಲ. ಕರೆಂಟ್ ಹೋದರಂತೂ ಆತನಿಗೆ ಹಬ್ಬ. ಈ ಸಲದ ಬೇಸಿಗೆಯಲ್ಲಿ ಒಂದು ಶನಿವಾರ ಸಂಜೆ ಆಲಿಕಲ್ಲು ಮಳೆ ಬಂದು ಕಂಬ ಬಿತ್ತು. ಭಾನುವಾರ ಮಧ್ಯಾಹ್ನದವರೆಗೂ ಕರೆಂಟಿಲ್ಲ. ನೆಂಟರಾಗಿ ಬಂದಿದ್ದ ಆಕೆಯ ತಮ್ಮ, ಅವನ ಹೊಸ ಹೆಂಡತಿ ಅಲ್ಲೇ ಉಳಿದರು. ತಾರಸಿಯ ನೀರು ಹೋಗುವ ತೂತಿಗೆ ಎಲೆ ಕಟ್ಟಿಕೊಂಡು ಮೆಟ್ಟಿಲ ಮೇಲೆ ನೀರು ಇಳಿಯುತ್ತಿತ್ತು. ಆಕೆ ಒಂದು ಕೈಲಿ ಬಟ್ಟೆ, ಇನ್ನೊಂದರಲ್ಲಿ ಮೇಣದಬತ್ತಿ ಹಿಡಿದು ನಿಂತಿದ್ದಾಗ ಆತ ಬಾಮೈದನ ಕಡೆ ತಿರುಗಿ, ‘ನಿಮ್ಮಕ್ಕನ ಲೈಟ್ ಹುಡುಗನ್ನ ಕರೀಲೇನಪ್ಪ?’ ಅಂದ. ಹೊಸ ಹುಡುಗಿಗೆ ಕಥೆಯನ್ನು ಮೊದಲಿಂದ ಹೇಳಿದ್ದೂ ಆಯಿತು. ಆಕೆ ಮೇಣದಬತ್ತಿಯನ್ನು ಮೆಟ್ಟಿಲ ಮೇಲೆ ಇಟ್ಟು ಒಳಗೆ ಹೋದಳು. ಭಾನುವಾರ ಸಂಜೆ ಮಗುವನ್ನು ಕರೆದುಕೊಂಡು ತಮ್ಮನ ಜೊತೆ ತವರಿಗೆ ಹೋದವಳು ನನ್ನಲ್ಲಿಗೆ ಬರುವ ಹೊತ್ತಿಗೆ 23 ದಿನವಾಗಿತ್ತು.

ಮೊದಲ ಭೇಟಿಯಲ್ಲಿ ಆತ ಈ ಕಥೆಯನ್ನು ನನಗೂ ಹೇಳಿದ. ಚೆನ್ನಾಗಿ ಹೇಳುತ್ತಾನೆ, ನಾನು ನಕ್ಕೆ. ನಗು ಮುಗಿಯುವ ಮೊದಲೇ ಆಕೆ ಕಿಟಕಿ ಕಡೆ ತಿರುಗಿದ್ದಳು. ಸಲಹೆಗಾರ್ತಿಯ ಕುರ್ಚಿಯಿಂದ ಎದ್ದು ಆ ಚಪ್ಪರದ ಜನರ ಮಧ್ಯೆ ಹೋಗಿ ನಿಂತ ಹಾಗಾಯಿತು ನನ್ನ ಕೆಲಸ. ಎರಡನೇ ಭೇಟಿ ಪೂರ್ತಿ ಅದನ್ನು ರಿಪೇರಿ ಮಾಡಲು ಹೋಯಿತು. ಕ್ಷಮೆ ಕೇಳಿದೆ, ಆಕೆಯೊಬ್ಬಳನ್ನೇ ಕೂರಿಸಿ ಮಾತಾಡಿಸಿದೆ. ಮೂರನೆಯದಕ್ಕೆ ಮದುವೆ ಆಲ್ಬಂ ತರಲು ಹೇಳಿದೆ.

ಆಲ್ಬಂ ಯಾಕೆಂದರೆ, ಹತ್ತಾರು ಸಲ ಹೇಳಿದ ಕಥೆ ಹೇಳಿ ಹೇಳಿ ನುಣುಪಾಗಿರುತ್ತದೆ. ಹೇಳುವವರಿಗೆ ಘಟನೆ ಮರೆತು ಕಥೆ ಮಾತ್ರ ನೆನಪಿರುತ್ತದೆ. ಫೋಟೋ ಎದುರಿಗಿದ್ದರೆ ಆ ದಿನದ ಬೆವರು, ನಿದ್ದೆಗಣ್ಣು ಎಲ್ಲ ವಾಪಸು ಬರುತ್ತವೆ. ಕುರ್ಚಿ ಹಾಕುವುದರಲ್ಲೂ ಒಂದು ಲೆಕ್ಕವಿದೆ. ಇಬ್ಬರನ್ನೂ ನನ್ನ ಎದುರು ಕೂರಿಸಿದರೆ ಇಬ್ಬರೂ ನನಗೇ ಹೇಳುತ್ತಾರೆ, ಚೆನ್ನಾಗಿ ಹೇಳುವವರು ಗೆಲ್ಲುತ್ತಾರೆ. ಅದಕ್ಕೆ ಅವರಿಬ್ಬರ ಕುರ್ಚಿ ಪರಸ್ಪರ ಎದುರು, ನನ್ನದು ಪಕ್ಕಕ್ಕೆ, ನನ್ನ ಕಣ್ಣು ಪುಸ್ತಕದ ಮೇಲೆ. ಒಬ್ಬೊಬ್ಬರಿಗೆ ಐದು ನಿಮಿಷ, ನಡುವೆ ಬಾಯಿ ಹಾಕುವಂತಿಲ್ಲ. ಮುಖ್ಯವಾದ ಷರತ್ತು: ಕಥೆಯನ್ನು ಹೊಸಿಲಿನಿಂದ ಶುರು ಮಾಡಬಾರದು, ಆ ದಿನ ಎದ್ದ ಹೊತ್ತಿನಿಂದ ಶುರು ಮಾಡಬೇಕು.

ಆತನ ಐದು ನಿಮಿಷ ಎರಡಕ್ಕೇ ಮುಗಿಯಿತು. ಎದ್ದ ಹೊತ್ತಿನಿಂದ ಅಂದಾಗ ಹೇಳಲು ಏನೂ ಇರಲಿಲ್ಲ.

ಆಕೆ ಆಲ್ಬಂ ತೊಡೆಯ ಮೇಲಿಟ್ಟುಕೊಂಡು ನಿಧಾನವಾಗಿ ಶುರು ಮಾಡಿದಳು. ಹಿಂದಿನ ರಾತ್ರಿ ಆರತಕ್ಷತೆಯಲ್ಲಿ ಮೂರು ಗಂಟೆ ನಿಂತದ್ದು. ಬೆಳಗಿನ ಜಾವ ಮೂರೂವರೆಗೆ ಎಬ್ಬಿಸಿ ನೀರು ಹಾಕಿದ್ದು. ಧಾರೆ ಮುಗಿಯುವವರೆಗೆ ಒಂದು ಲೋಟ ಕಾಫಿ ಬಿಟ್ಟು ಏನೂ ಇಲ್ಲ. ಹೋಮದ ಹೊಗೆ. ಎರಡು ದಿನವೂ ಕಿವಿಯ ಪಕ್ಕ ಫೋಟೋದವರು ಆ ಹುಡುಗನ ಹೆಸರು ಹಿಡಿದು ‘ಲೈಟ್ ಎತ್ತು, ಲೈಟ್ ಎತ್ತು’ ಅಂತ ಕೂಗಿದ್ದು. ಗಂಡನ ಹೆಸರನ್ನು ಆ ಎರಡು ದಿನದಲ್ಲಿ ಯಾರೂ ಕೂಗಲೇ ಇಲ್ಲ, ಎಲ್ಲರಿಗೂ ಆತ ‘ಮದುವೆಗಂಡು’. ಹೊಸಿಲಲ್ಲಿ ಎಲ್ಲರೂ ನಕ್ಕಾಗ ಕನ್ನಡ ಅಷ್ಟಾಗಿ ಬಾರದ ಆಕೆಯ ತಾಯಿಗೆ ಮಗಳು ಏನು ತಪ್ಪು ಮಾಡಿದಳು ಅಂತಲೇ ತಿಳಿಯದೆ ಮುಖ ಸಣ್ಣದಾಯಿತು. ಚಿಕ್ಕವನಾಗಿದ್ದ ತಮ್ಮ ಸೆರಗು ಜಗ್ಗಿ, ಯಾಕಕ್ಕ ನಗ್ತಾರೆ ಅಂತ ತೆಲುಗಿನಲ್ಲಿ ಕೇಳಿದ. ಮಳೆಯ ರಾತ್ರಿ ಅದೇ ತಮ್ಮನ ಮುಂದೆ ಆ ಮಾತು ಬಂದದ್ದು ಆಕೆಗೆ ಯಾಕೆ ಚುಚ್ಚಿತು ಅಂತ ನನಗೆ ಆಗ ಗೊತ್ತಾಯಿತು.

ಆಮೇಲೆ ಆಕೆ ಸಪ್ತಪದಿಯ ಪುಟ ತೆಗೆದು ಆಲ್ಬಮನ್ನು ಗಂಡನ ಕಡೆ ತಿರುಗಿಸಿದಳು. ಫೋಟೋದಲ್ಲಿ ಆಕೆಯ ಬಲಗೈ ಆತನ ಕೈಯಲ್ಲಿದೆ, ಎಡಗೈ ಆತನ ಬೆನ್ನ ಹಿಂದೆ ನಡುವಿನ ಹತ್ತಿರ.

‘ಇದು ನೋಡಿ ನಿಮ್ಮಕ್ಕ, ಹುಡುಗಿಗೆ ಬಲು ಅವಸರ ಅಂತ ನಗಾಡಿದ್ರು. ಗೊತ್ತಾ?’

‘ಹೂಂ.’

‘ಯಾಕೆ ಹಿಡ್ಕೊಂಡಿದ್ದೆ ಗೊತ್ತಾ?’

ಆತ ಸುಮ್ಮನಿದ್ದ.

‘ಹೊಸ ರೇಷ್ಮೆ ಪಂಚೆ. ನಿಮ್ಮ ಸೋದರಮಾವ ಮೇಲೊಂದು ಬೆಲ್ಟ್ ಕಟ್ಕೊಳೋ ಅಂದ್ರೆ ಹೊಟ್ಟೆ ಕಾಣುತ್ತೆ ಅಂತ ಬೇಡ ಅಂದ್ರಿ. ಮೂರನೇ ಹೆಜ್ಜೆಗೆ ಗಂಟು ಸಡಿಲ ಆಯ್ತು. ಏಳನೇ ಹೆಜ್ಜೆ ತನಕ ನಾನು ಹಿಂದಿಂದ ಮುದುರಿ ಹಿಡ್ಕೊಂಡು ಬಂದೆ. ನಮ್ಮಮ್ಮಂಗೂ ಹೇಳಿಲ್ಲ.’ ಸ್ವಲ್ಪ ತಡೆದು ಅಂದಳು: ‘ಒಂಬತ್ತು ವರ್ಷದಿಂದ ಇವರ ಪಂಚೆ ಹಿಡ್ಕೊಂಡೇ ಇದೀನಿ ಮೇಡಂ. ನನ್ನ ಬಾಯಿಂದ ಜಾರಿದ ಒಂದು ಮಾತನ್ನ ಇವರು ಒಂದು ದಿನಾನೂ ಹಿಡ್ಕೊಳ್ಳಲಿಲ್ಲ.’

ಆತ ಬಹಳ ಹೊತ್ತು ಆ ಫೋಟೋ ನೋಡಿದ. ‘ಸಡಿಲ ಆಗಿದ್ದು ನನಗೆ ಗೊತ್ತಾಗಿತ್ತು. ಪುರೋಹಿತರ ಕಡೆಯವರು ಯಾರೋ ಸಿಗಿಸಿದ್ರು ಅಂದ್ಕೊಂಡಿದ್ದೆ’ ಅಂದ. ಆಮೇಲೆ ಅವನಿಗೇ ನಗು ಬಂತು. ಆಕೆಗೂ ಬಂತು. ನಾನು ಪುಸ್ತಕದಿಂದ ಕಣ್ಣು ತೆಗೆಯಲಿಲ್ಲ. ಆ ನಗು ಅವರಿಬ್ಬರದು.

ಇಲ್ಲಿಗೆ ಶುಭಂ ಅಂದುಕೊಂಡು ಕಳಿಸಿಬಿಡುವ ಆಸೆ ಆಗುತ್ತದೆ. ಕಳಿಸಬಾರದು. ಆಕೆಯ ಕೈಗೆ ಈಗ ಒಂದು ಕತ್ತಿ ಸಿಕ್ಕಿದೆ. ಮುಂದಿನ ಹಬ್ಬಕ್ಕೆ ಆತ ಲೈಟಿನ ಕಥೆ ತೆಗೆದರೆ ಆಕೆ ಪಂಚೆಯ ಕಥೆ ತೆಗೆಯುತ್ತಾಳೆ, ನೆಂಟರಿಗೆ ಒಂದರ ಬದಲು ಎರಡು ನಗೆ ಸಿಗುತ್ತದೆ. ಅದಕ್ಕೇ ಕೊನೆಯ ಅರ್ಧ ಗಂಟೆ ಕೆಲಸ ಕೊಟ್ಟೆ. ಒಂದು ಹಾಳೆಯಲ್ಲಿ ಮೂರು ಕಾಲಂ. ‘ಮನೆಯೊಳಗೆ ಮಾತ್ರ’, ‘ಕೇಳಿ ಹೇಳಬೇಕಾದ್ದು’, ‘ಎಲ್ಲರ ಮುಂದೆಯೂ’. ಮದುವೆಯಿಂದ ಇಲ್ಲಿಯವರೆಗಿನ ನಗೆಯ ಪ್ರಸಂಗಗಳನ್ನೆಲ್ಲ ನೆನಪಿಸಿಕೊಂಡು ಒಂದೊಂದನ್ನೂ ಒಂದು ಕಾಲಂಗೆ ಹಾಕಬೇಕು. ಯಾವ ಕಾಲಂ ಎಂದು ತೀರ್ಮಾನಿಸುವುದು ಕಥೆ ಹೇಳುವವರಲ್ಲ, ಕಥೆಯಲ್ಲಿ ಪೆಚ್ಚಾದವರು. ಅವರ ಮನೆಯಲ್ಲಿ 11 ಕಥೆ ಸಿಕ್ಕವು. ಉಪ್ಪಿನ ಬದಲು ಸೋಡಾ ಹಾಕಿದ ಸಾರು, ಆತ ಬೇರೆಯವರ ಸ್ಕೂಟರ್ ಹತ್ತಿ ಸಂತೆಗೆ ಹೋಗಿಬಂದದ್ದು ಇಂಥವೆಲ್ಲ ಮೂರನೆಯದಕ್ಕೆ ಹೋದವು. ಲೈಟಿನ ಕಥೆ ಮೊದಲನೆಯದಕ್ಕೆ. ಪಂಚೆಯನ್ನು ಆತ ಎರಡನೆಯದಕ್ಕೆ ಹಾಕಿದ.

ಜೊತೆಗೆ ಒಂದು ಗುಟ್ಟಿನ ಮಾತು ಗೊತ್ತು ಮಾಡಿಕೊಳ್ಳಿ ಅಂದೆ. ‘ಕುಕ್ಕರ್ ಕೂಗ್ತು’ ಅಂತ ಆರಿಸಿದರು. ನೆಂಟರ ನಡುವೆ ಯಾರೊಬ್ಬರು ಅದನ್ನು ಹೇಳಿದರೂ ಇನ್ನೊಬ್ಬರು ಆ ಮಾತನ್ನು ಅಲ್ಲಿಗೇ ಬಿಡಬೇಕು. ಯಾಕೆ ಅಂತ ಅಲ್ಲೇ ಕೇಳುವಂತಿಲ್ಲ; ಅದೇ ದಿನ ರಾತ್ರಿ, ಇಬ್ಬರೇ ಇದ್ದಾಗ ಕೇಳಬೇಕು. ಮರುದಿನಕ್ಕೆ ಇಟ್ಟರೆ ಹಳಸುತ್ತದೆ. ಈ ಗುಟ್ಟಿನ ಮಾತು ಕೆಡುವುದು ಒಂದೇ ರೀತಿ: ಅದನ್ನೇ ತಮಾಷೆಗೆ ಬಳಸಿದಾಗ.

ಆಕೆಗೆ ‘ಹಗುರವಾಗಿ ತಗೋಮ್ಮ’ ಅಂತ ಯಾಕೆ ಹೇಳಲಿಲ್ಲ ಅಂತ ಆಕೆಯ ಅತ್ತೆಯೇ ನನ್ನನ್ನು ಕೇಳಿದರು. ಆ ಸಲಹೆಯನ್ನು ಒಂಬತ್ತು ವರ್ಷದಿಂದ ಎಲ್ಲರೂ ಪುಕ್ಕಟೆಯಾಗಿ ಕೊಟ್ಟಿದ್ದಾರೆ, ಕೆಲಸ ಮಾಡಿದ್ದರೆ ಅವರು ಇಲ್ಲಿಗೆ ಬರುತ್ತಿರಲಿಲ್ಲ. ಆತನಿಗೆ ‘ನೀನು ಕ್ರೂರಿ’ ಅಂತಲೂ ಹೇಳಲಿಲ್ಲ, ಆತ ಕ್ರೂರಿಯಲ್ಲ. ಮನಶ್ಶಾಸ್ತ್ರಜ್ಞ ರಾಡ್ ಮಾರ್ಟಿನ್ ಮತ್ತು ಸಂಗಡಿಗರು 2003ರಲ್ಲಿ ನಗೆಯ ಸ್ವಭಾವವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು: ಜೊತೆಯವರನ್ನು ಹತ್ತಿರ ಮಾಡುವುದು, ಕಷ್ಟದಲ್ಲಿ ತನ್ನನ್ನು ತಾನು ಎತ್ತಿ ನಿಲ್ಲಿಸಿಕೊಳ್ಳುವುದು, ಇನ್ನೊಬ್ಬರನ್ನು ತಿವಿಯುವುದು, ತನ್ನನ್ನೇ ಹೀಗಳೆದುಕೊಳ್ಳುವುದು. ನನ್ನ ಅನುಭವದಲ್ಲಿ ಒಂದೇ ಕಥೆ ಬಗೆ ಬದಲಿಸುತ್ತದೆ. ಮದುವೆಯ ರಾತ್ರಿ ಇಬ್ಬರೇ ಇದ್ದಾಗ ಲೈಟ್ ಹುಡುಗನ ಕಥೆಗೆ ಆಕೆಯೂ ನಕ್ಕಿದ್ದಳಂತೆ. ಕೇಳುವವರು ಬದಲಾದರು, ಕಥೆ ತಿವಿಯಿತು.

ಮಳೆಯ ಶನಿವಾರ-ಭಾನುವಾರದ ಬಗ್ಗೆಯೂ ಹೇಳಲೇಬೇಕು, ಯಾಕೆಂದರೆ ಸೋಮವಾರ ಬೆಳಿಗ್ಗೆ ಬರುವ ಫೋನುಗಳು ಆ ದಿನಗಳದ್ದೇ. ದಿನಕ್ಕೆ ಎರಡು ಗಂಟೆ ಮುಖ ನೋಡುವವರು ಮೂವತ್ತಾರು ಗಂಟೆ ಒಂದೇ ಸೂರಿನಡಿ. ಟಿವಿ ಇಲ್ಲ, ಮೊಬೈಲ್ ಚಾರ್ಜ್ ಇಳಿಯುತ್ತಿದೆ, ಟ್ಯಾಂಕಿನಲ್ಲಿ ನೀರಿಲ್ಲ. ಯಾರು ಮಾಡಬೇಕಿತ್ತು ಅನ್ನುವ ಪ್ರಶ್ನೆ ಎಲ್ಲ ಕಡೆ ತೂಗುತ್ತಿರುತ್ತದೆ. ಆದ್ದರಿಂದ ಮೋಡ ಕವಿದ ಕೂಡಲೇ ಕೆಲಸ ಹಂಚಿಕೊಳ್ಳಿ. ಒಬ್ಬರು ತಾರಸಿಯ ತೂತು ಬಿಡಿಸಿ ಬಟ್ಟೆ ತೆಗೆಯಲಿ, ಅದೂ ಗುಡುಗು ಶುರುವಾಗುವ ಮೊದಲೇ. ಇನ್ನೊಬ್ಬರು ಮೋಟಾರ್ ಹಾಕಿ, ಟಾರ್ಚು, ಫೋನು ಚಾರ್ಜಿಗಿಡಲಿ. ಕತ್ತಲಾದ ಮೇಲೆ ಎದುರುಬದುರು ಕೂತು ಮಾತಾಡೋಣ ಅನ್ನಬೇಡಿ, ಅದು ವಿಚಾರಣೆಯಾಗುತ್ತದೆ. ಪಕ್ಕಪಕ್ಕ ಕೂತು ಕೈಗೆ ಕೆಲಸ ಕೊಡಿ: ಬಿತ್ತನೆಗೆ ಇಟ್ಟ ಕಡಲೆಕಾಯಿ ಎರಡು ಸೇರು ಸುಲಿಯಿರಿ, ಇಲ್ಲವೆ ಒಂದು ಕಟ್ಟು ಸೊಪ್ಪು ಬಿಡಿಸಿ. ಕೈ ಓಡುತ್ತಿದ್ದರೆ ಬಾಯಿ ಮೆತ್ತಗಾಗುತ್ತದೆ. ಆದರೂ ಮಾತು ಏರಿತೆಂದರೆ ಇಪ್ಪತ್ತು ನಿಮಿಷ ಬೇರೆ ಬೇರೆ ಕೋಣೆ. ದಂಪತಿಗಳ ಜಗಳವನ್ನೇ ಅಭ್ಯಾಸ ಮಾಡಿದ ಜಾನ್ ಗಾಟ್‌ಮನ್, ಎದೆಬಡಿತ ನಿಮಿಷಕ್ಕೆ 100 ದಾಟಿದವರಿಗೆ ಎದುರಿನವರ ಮಾತು ಒಳಗಿಳಿಯುವುದಿಲ್ಲ, ದೇಹ ತಣ್ಣಗಾಗಲು ಕನಿಷ್ಠ 20 ನಿಮಿಷ ಬೇಕು ಅನ್ನುತ್ತಾರೆ. ಹೋಗುವಾಗ ‘ವಾಪಸು ಬರ್ತೀನಿ’ ಅಂತ ಹೇಳಿ ಹೋಗಿ. ಹೇಳದೆ ಹೋದರೆ ಅದು ಇನ್ನೊಂದು ಜಗಳ.

ಈ ಸಲಹೆ ಎಲ್ಲ ಮನೆಗೂ ಅಲ್ಲ. ‘ತಮಾಷೆ’ಯನ್ನು ನಿಲ್ಲಿಸು ಅಂದಾಗ ಅದು ಹೆಚ್ಚಾದರೆ, ಮೈಬಣ್ಣ, ವರದಕ್ಷಿಣೆ, ಮಕ್ಕಳಾಗದಿರುವುದರ ಕಡೆ ತಿರುಗಿದರೆ, ನಿಲ್ಲಿಸು ಅನ್ನಲು ಭಯವಾಗುತ್ತಿದ್ದರೆ ಕಾಲಂ ಹಾಕುವ ಹಾಳೆ ಎಸೆಯಿರಿ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಅಪಹಾಸ್ಯ, ಅವಮಾನ, ಹೀನ ಹೆಸರಿಟ್ಟು ಕರೆಯುವುದನ್ನೂ ದೌರ್ಜನ್ಯವೆಂದೇ ಹೇಳುತ್ತದೆ. ಮಹಿಳಾ ಸಹಾಯವಾಣಿ 181.

ಇವರ ವಿಷಯದಲ್ಲಿ ಒಂದು ಪ್ರಶ್ನೆ ಉಳಿದಿತ್ತು. ಆತ ನಿಲ್ಲಿಸಬಹುದು, ಒಂಬತ್ತು ವರ್ಷ ಕೇಳಿ ಬಾಯಿಪಾಠವಾಗಿರುವ ನೆಂಟರು ನಿಲ್ಲಿಸುತ್ತಾರಾ? ಹಬ್ಬಿಸಿದವರೇ ಅದನ್ನು ತಡೆಯಬೇಕು, ಆಕೆಯಲ್ಲ ಅಂದೆ. ತಡೆಯಲು ಒಂದು ವಾಕ್ಯ ಮೊದಲೇ ತಯಾರಿಟ್ಟುಕೊ, ಸ್ಥಳದಲ್ಲಿ ಹುಡುಕಿದರೆ ಸಿಗುವುದಿಲ್ಲ ಅಂತಲೂ ಹೇಳಿದ್ದೆ.

ಮೂರು ತಿಂಗಳ ನಂತರ ಇಬ್ಬರೂ ಬಂದು ವರದಿ ಒಪ್ಪಿಸಿದರು. ತಂಗಿಯ ಮಗುವಿನ ನಾಮಕರಣದಲ್ಲಿ ಆತನ ಅಕ್ಕ ಊಟದ ಪಂಕ್ತಿಯಲ್ಲೇ, ‘ನಂದಿ ಬೆಟ್ಟಕ್ಕೆ ಮಂಜಿನ ಮುಸುಕು’ ಅಂತ ಶುರು ಮಾಡಿದ್ದಾರೆ. ಆತ ಆಕೆಯ ಮುಖ ನೋಡಿದ್ದಾನೆ, ಆಕೆ ಹೂಂ ಅಂದಿದ್ದಾಳೆ. ‘ಅದು ಬಿಡಕ್ಕ, ನನ್ನ ಪಂಚೆ ಕಥೆ ಕೇಳು. ಸಪ್ತಪದಿ ಮೊದಲನೇ ಹೆಜ್ಜೆಗೇ...’

‘ಮೊದಲನೇದಲ್ಲ, ಮೂರನೇದು’ ಅಂದಳಂತೆ ಆಕೆ, ಅನ್ನದ ಪಾತ್ರೆ ಹಿಡಿದುಕೊಂಡೇ. ‘ಹಿಡ್ಕೊಂಡಿದ್ದೋಳು ನಾನು.’