ಕ್ಯಾಂಪರ್‌ನ ದೊಡ್ಡ ಟೇಬಲ್ ತೆಗೆಯುವ ಬಗ್ಗೆ
ಪುಣೆಯಲ್ಲಿರೋ ನಿಮ್ಮ ಕ್ಯಾಂಪರ್ (ಒಳಗೇ ಉಂಡು ಮಲಗಬಹುದಾದ) ವ್ಯಾನ್ ಟ್ರಾವೆಲರ್‌ನ 90×60 ಸೆಂ.ಮೀ. ಟೇಬಲ್, ನಡುವಿನ ಕಾಲು ಎರಡನ್ನೂ ತೆಗೆಯಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ ತೆಗೀರಿ. ಸೀಟಿನ ಪೆಟ್ಟಿಗೆಯ ಬದಿಗೆ ತಿರುಗುವ ತೋಳಿನ ಸ್ಟ್ಯಾಂಡ್ ಹಾಕಿ. 60×40ರ ಹಲಗೆ ಇಬ್ಬರಿಗೆ ಸಾಕು. ಭವಾನಿ ಪೇಟ್‌ನ ಟಿಂಬರ್ ಮಾರ್ಕೆಟ್‌ನಲ್ಲಿ 12 ಮಿ.ಮೀ. ಮರೈನ್ ಪ್ಲೈ, ಅಂದರೆ ನೀರು ತಡೆಯುವ ಪ್ಲೈವುಡ್ (ಅದರ ಭಾರತೀಯ ಮಾನಕ ಐಎಸ್ 710ರ ಗುರುತು ನೋಡಿ) ಕೇಳಿ, ಈ ಅಳತೆಗೆ ಸುಮಾರು 2 ಕಿಲೋ. 18 ಮಿ.ಮೀ. ಸುಮ್ಮನೆ ಭಾರ.

ಎಡವಟ್ಟಾಗೋದು ಸ್ಟ್ಯಾಂಡನ್ನು ಪೆಟ್ಟಿಗೆಗೆ ಹಿಡಿದಿಡುವ ಬ್ರಾಕೆಟ್ ಹತ್ತಿರ. ಪೆಟ್ಟಿಗೆಯ ಬರೀ ಪ್ಲೈಗೆ ಸ್ಕ್ರೂ ಹೊಡೆದರೆ, ಯಾರಾದರೂ ಅಂಚಿಗೆ ಕೈಯೂರಿ ಎದ್ದಾಗ ತೋಳು ಸನ್ನೆಗೋಲಿನಂತೆ ಮೀಟಿ ಸ್ಕ್ರೂ ಕಿತ್ತು ಬರುತ್ತೆ. ನಾಲ್ಕು ಎಂ6 (6 ಮಿ.ಮೀ. ದಪ್ಪದ) ಸ್ಟೇನ್‌ಲೆಸ್ ಬೋಲ್ಟ್ ಆರ್‌ಪಾರ್ ತೂರಿಸಿ, ಹಿಂದೆ 3 ಮಿ.ಮೀ. ಸ್ಟೇನ್‌ಲೆಸ್ ಪಟ್ಟಿ ಕೊಟ್ಟು ನೈಲಾಕ್ ನಟ್ (ಒಳಗೆ ನೈಲಾನ್ ಬಳೆ ಇದ್ದು ಅಲುಗಾಟಕ್ಕೆ ಸಡಿಲವಾಗದ್ದು) ಬಿಗಿಯಿರಿ. ಅಲ್ಯೂಮಿನಿಯಂ ಪಟ್ಟಿ ಬೇಡ. ಗೋವಾದಂಥ ಕಡಲತೀರಕ್ಕೆ ಹೋದರೆ ಅಲ್ಲಿನ ಉಪ್ಪುಗಾಳಿಯಲ್ಲಿ ಸ್ಟೇನ್‌ಲೆಸ್ ಜೊತೆ ಸೇರಿದರೆ ಅದು ಸವೆಯುತ್ತೆ.

ರಾತ್ರಿ ಹಾಸಿಗೆಗೆ ಹಳೇ ಟೇಬಲ್ಲೇ ಆಧಾರವಾಗಿತ್ತಲ್ಲ? ಎರಡೂ ಸೀಟಿನ ಅಂಚಿಗೆ ಮರದ ರೀಪರ್ ಪಟ್ಟಿ ಬಡಿದು, ಅದರ ಮೇಲೆ ಸುರುಳಿ ಸುತ್ತಿಡಬಹುದಾದ ಸ್ಲ್ಯಾಟ್ (ಸಾಲಾಗಿ ಜೋಡಿಸಿದ ತೆಳು ಮರದ ಪಟ್ಟಿಗಳು) ಹಾಸಿ. ಗಾಡಿ ಓಡುವಾಗ ಹಲಗೆ ಬಿಚ್ಚಿ ಕಟ್ಟಿಡಿ.