ಗುಜರಿ ಕರಗಿಸುವವರಿಗೆ ಕರೆಂಟ್ ರಿಯಾಯಿತಿ ಇದೆಯಾ?

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ಫೌಂಡ್ರಿ ಇದೆ. ಗುಜರಿ ಕಬ್ಬಿಣವನ್ನು ಇಂಡಕ್ಷನ್ ಫರ್ನೇಸಿನಲ್ಲಿ (ಕರೆಂಟಿನಿಂದ ಕಾಯುವ ಕುಲುಮೆ) ಕರಗಿಸಿ, ಅಚ್ಚಿಗೆ ಸುರಿದು ಕಾಸ್ಟಿಂಗ್ ಮಾಡುತ್ತೇವೆ. ಸಂಬಳಕ್ಕಿಂತ ಕರೆಂಟ್ ಬಿಲ್ಲೇ ಜಾಸ್ತಿ ಬರುತ್ತಿದೆ. ಹಳೇ ಲೋಹ ಮರುಬಳಕೆ ಮಾಡುವವರಿಗೆ ಸರ್ಕಾರದ ನೆರವು ಏನಾದರೂ ಇದೆಯಾ?
– ಒಬ್ಬ ಓದುಗ, ಬೆಳಗಾವಿ

ಉತ್ತರ: ಗುಜರಿ ಕರಗಿಸುತ್ತೀರಿ ಅನ್ನುವ ಕಾರಣಕ್ಕೇ ಸಿಗುವ ಬೇರೆ ದರ ಕರ್ನಾಟಕದಲ್ಲಿ ಇಲ್ಲ. ಉಳಿದ ಕಾರ್ಖಾನೆಗಳ ದರವೇ ನಿಮಗೂ. ಇದು ಸರಿಯಲ್ಲ ಅಂತಲೇ ನನ್ನ ಅಭಿಪ್ರಾಯ. ಅದಿರಿನಿಂದ ಅಲ್ಯೂಮಿನಿಯಂ ತೆಗೆಯಲು ಬೇಕಾಗುವ ಶಕ್ತಿಯಲ್ಲಿ ಸುಮಾರು ಶೇ 5ರಷ್ಟು ಇದ್ದರೆ ಗುಜರಿಯಿಂದ ಅದೇ ಲೋಹ ಸಿಗುತ್ತದೆ, ಕಬ್ಬಿಣದಲ್ಲಿ ಉಳಿತಾಯ ಅಷ್ಟಿಲ್ಲದಿದ್ದರೂ ಕಡಿಮೆಯೇನಲ್ಲ. ದೇಶಕ್ಕೆ ಇಷ್ಟು ಉಳಿಸಿಕೊಡುವವರ ಬಿಲ್ಲಿನ ಮೇಲೂ ಶೇ 9ರ ವಿದ್ಯುತ್ ತೆರಿಗೆ ಬೀಳುತ್ತದೆ. ಅದು ಸಾಲದು ಅಂತ 2025ರ ಏಪ್ರಿಲ್‌ನಿಂದ ವಿದ್ಯುತ್ ನೌಕರರ ಪಿಂಚಣಿ, ಗ್ರಾಚ್ಯುಟಿಗಾಗಿ ಯೂನಿಟ್‌ಗೆ 36 ಪೈಸೆ ಸೇರಿಕೊಂಡಿತು. 2023ರ ಜೂನ್‌ನಲ್ಲಿ ದರ ಏರಿದಾಗ ನಿಮ್ಮ ಊರಿನ ಉದ್ಯಮಿಗಳು ಬೀದಿಗಿಳಿದದ್ದು ಸುಮ್ನೆ ಅಲ್ಲ.

ಇನ್ನು ಸಿಗುವ ನೆರವಿನ ಮಾತು. ರಾಜ್ಯದ ಕೈಗಾರಿಕಾ ನೀತಿಯಲ್ಲಿ ಸಣ್ಣ ಘಟಕಗಳಿಗೆ ವಿದ್ಯುತ್ ತೆರಿಗೆಯ ವಿನಾಯಿತಿ ಇರುತ್ತದೆ. ಆದರೆ ಅದು ಮುಖ್ಯವಾಗಿ ಹೊಸ ಘಟಕಗಳಿಗೆ. ನೀವು ಫರ್ನೇಸ್ ದೊಡ್ಡದು ಮಾಡುವ ಅಥವಾ ಇನ್ನೊಂದು ಶೆಡ್ ಹಾಕುವ ಯೋಚನೆಯಲ್ಲಿದ್ದರೆ, ದುಡ್ಡು ಹಾಕುವ ಮೊದಲೇ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ ಕೇಳಿ.

ನಿಮಗೆ ಹೆಚ್ಚು ಹೊಂದುವುದು ಕೇಂದ್ರದ ಅಡೀಟೀ (ADEETIE) ಯೋಜನೆ. 2025ರ ಜುಲೈನಲ್ಲಿ ಶುರುವಾದದ್ದು, ಇಂಧನ ದಕ್ಷತಾ ಬ್ಯೂರೊ ನೋಡಿಕೊಳ್ಳುತ್ತದೆ, ಅದರ 14 ವಲಯಗಳಲ್ಲಿ ಫೌಂಡ್ರಿಯೂ ಒಂದು. ಕರೆಂಟ್ ಉಳಿಸುವ ಯಂತ್ರಕ್ಕೆ ಸಾಲ ಮಾಡಿದರೆ ಅತಿ ಸಣ್ಣ, ಸಣ್ಣ ಘಟಕಗಳಿಗೆ ಬಡ್ಡಿ ದರದಲ್ಲಿ 5 ಶೇಕಡಾವಾರು ಅಂಶ, ಮಧ್ಯಮ ಘಟಕಗಳಿಗೆ 3 ಅಂಶ ಸರ್ಕಾರ ಭರಿಸುತ್ತದೆ. ಕನಿಷ್ಠ ಶೇ 10ರಷ್ಟು ಇಂಧನ ಉಳಿಯಬೇಕು ಅನ್ನುವುದು ಷರತ್ತು. ಇದು ಬಿಲ್ಲಿಗೆ ಸಬ್ಸಿಡಿ ಅಲ್ಲ, ಸಾಲದ ಬಡ್ಡಿಗೆ ಸಹಾಯ. ಹಳೇ ಫರ್ನೇಸ್ ಬದಲಿಸುವವರಿಗೆ ಇದು ದೊಡ್ಡ ಆಸರೆ.

ಅರ್ಜಿ ಹಾಕುವ ಮೊದಲು ಒಂದು ಕೆಲಸ ಮಾಡಿ. ಪ್ರತಿ ಹೀಟ್‌ಗೂ, ಅಂದರೆ ಒಂದೊಂದು ಸಲ ಕರಗಿಸಿದಾಗಲೂ, ಎಷ್ಟು ಯೂನಿಟ್ ಹೋಯಿತು, ಎಷ್ಟು ಕೆಜಿ ಕರಗಿತು ಅಂತ ಪುಸ್ತಕದಲ್ಲಿ ಬರೆಯಿಸಿ. ಒಂದು ಟನ್‌ಗೆ 600 ಯೂನಿಟ್ ಆಸುಪಾಸು ಇದ್ದರೆ ಸರಿ, ಅದಕ್ಕಿಂತ ತುಂಬಾ ಜಾಸ್ತಿ ಇದ್ದರೆ ಸೋರಿಕೆ ಎಲ್ಲೋ ಇದೆ. ಎಷ್ಟೋ ಸಲ ಅದು ತುಕ್ಕು ಹಿಡಿದ ಗುಜರಿಯಲ್ಲಿ, ರನ್ನರ್ ರೈಸರ್‌ಗೆ (ಅಚ್ಚಿನ ದಾರಿಯಲ್ಲಿ ಗಟ್ಟಿಯಾಗಿ ಉಳಿದು ಮತ್ತೆ ಫರ್ನೇಸಿಗೆ ಹೋಗುವ ತುಂಡುಗಳು) ಅಂಟಿದ ಮರಳಿನಲ್ಲಿ, ಮುಚ್ಚಳ ಹಾಕದೆ ಕಾಯುತ್ತಾ ಬಿಟ್ಟ ಫರ್ನೇಸಿನಲ್ಲಿ ಇರುತ್ತದೆ. ಆ ಮರಳು ಕರಗಿ ಸ್ಲ್ಯಾಗ್ (ಕಿಟ್ಟ) ಆಗುವುದಕ್ಕೂ ನಿಮ್ಮದೇ ಕರೆಂಟ್ ಅಲ್ವಾ? ಪವರ್ ಫ್ಯಾಕ್ಟರ್ ದಂಡ (ಎಳೆದುಕೊಂಡ ಕರೆಂಟ್ ಪೂರ್ತಿ ಕೆಲಸಕ್ಕೆ ಬಾರದಿದ್ದರೆ ಬೀಳುವ ದಂಡ) ಬಿಲ್ಲಿನಲ್ಲಿ ಕಂಡರೆ, ಅದನ್ನು ಸರಿಪಡಿಸುವ ಕೆಪ್ಯಾಸಿಟರ್ ಬ್ಯಾಂಕ್ ಕೂಡ ಪರೀಕ್ಷೆ ಮಾಡಿಸಿ. ಈ ಪುಸ್ತಕ ಇದ್ದರೆ ಯೋಜನೆಯ ಇಂಧನ ಆಡಿಟ್‌ಗೆ ಬರುವವರಿಗೂ ಕೆಲಸ ಸುಲಭ.